ಮೊದಲ ಕಂತನ್ನು ಬಿಟ್ಟು ನೋಡಿರೆಂದು ಹೇಳುವ ಮಿತ್ರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮಿತ್ರರೆ,

ವಿಜ್ಞಾನಕಥೆಗಳ ದೂರದರ್ಶನ ಧಾರಾವಾಹಿಗಳಲ್ಲಿ ನಿಮಗಿರುವ ಆಸಕ್ತಿ ಅಕೃತ್ರಿಮವಾದುದೆಂಬುದನ್ನೂ, ಆ ರುಚಿಯನ್ನು ಇತರರಿಗೂ ಹತ್ತಿಸಬೇಕೆಂಬ ನಿಮ್ಮ ಉತ್ಸಾಹ ಶ್ಲಾಘ್ಯವಾದುದೆಂಬುದನ್ನೂ ನಾನು ಬಲ್ಲೆ. ಆದರೂ ಒಂದು ಸಂಗತಿಯಲ್ಲಿ ನಿಮ್ಮೊಡನೆ ವಾದಕ್ಕೆ ನಿಲ್ಲದೆ ಗತ್ಯಂತರವಿಲ್ಲವಾಗಿದೆ. ಇಂಥ ಧಾರಾವಾಹಿಯೊಂದನ್ನು ನೋಡಬಯಸಿದ ಯಾರಾದರೂ ಎಲ್ಲಿಂದ ತೊಡಗಲೆಂದು ನಿಮ್ಮನ್ನು ಕೇಳಿದರೆ, ಮೊದಲ ಕಂತನ್ನು ಬಿಟ್ಟುಬಿಡಿ, ಅದು ಬರಿಯ ಪೈಲಟ್ಟು, ಎಂದರೆ ಪರೀಕ್ಷೆಗೆಂದು ತೆಗೆದುದು, ಅದರಲ್ಲಿ ಪಾತ್ರಗಳಿನ್ನೂ ಹದಗೊಂಡಿಲ್ಲ, ಯಂತ್ರಗಳೆಲ್ಲ ರಟ್ಟಿನವು, ಕಥೆ ಮೇಲೇಳುವುದು ಮೂರನೆಯದರಿಂದಲೋ ನಾಲ್ಕನೆಯದರಿಂದಲೋ ಎಂದು ಹೇಳಿ ಕಳುಹಿಸುತ್ತೀರಿ; ಬ್ರಿಟನ್ನಿನ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯ ವಿಷಯದಲ್ಲಂತೂ ನಿಮ್ಮ ಔದಾರ್ಯ ಮೇರೆಮೀರಿ, 1963ರಿಂದ 1989ರವರೆಗೆ ಇಪ್ಪತ್ತಾರು ವರ್ಷ ನಡೆದುದೆಲ್ಲವನ್ನೂ ಒಮ್ಮೆಗೇ ಬದಿಗೆ ಸರಿಸಿ, 2005ರಲ್ಲಿ ಮರಳಿ ಮೊದಲಾದ ಭಾಗದಿಂದಲೇ ನೋಡತಕ್ಕುದೆಂದು ವಿಧಿಸುತ್ತೀರಿ. ಬಯಲಾಟಕ್ಕೆ ಹೋಗುವವರು ಪೂರ್ವರಂಗವೆಲ್ಲ ಮುಗಿದು ಪ್ರಸಂಗ ಪ್ರಾರಂಭವಾಗುವ ಹೊತ್ತನ್ನು ನೋಡಿಕೊಂಡು ಮನೆಯಿಂದ ಹೊರಡುವ ರೀತಿಯಿದು. ಪೂರ್ವರಂಗ ರಾತ್ರಿರಾತ್ರಿಯೂ ಅದೇ ಆದುದರಿಂದ ಅದನ್ನು ತಪ್ಪಿಸಿಕೊಂಡವರಿಗೆ ಕಥೆಯೇನೂ ನಷ್ಟವಾಗದು. ಧಾರಾವಾಹಿಯ ಮೊದಲ ಕಂತಾದರೋ ಒಂದೇ ಒಂದು ಸಲ ನಡೆಯುವಂಥದು, ಮತ್ತು ಅದರಲ್ಲಿ ಆ ಕೃತಿ ತಾನು ಏನಾಗಬೇಕೆಂಬುದನ್ನು ನಮ್ಮ ಕಣ್ಣೆದುರಿಗೇ ನಿಶ್ಚಯಿಸಿಕೊಳ್ಳುತ್ತಿರುತ್ತದೆ.

ಒಂದೇ ಸಲವೆಂದೆ, ಆದರೆ ‘ಡಾಕ್ಟರ್ ಹೂ’ವಿನ ಮೊದಲ ಕಂತು, ‘ಆನ್ ಅನರ್ತ್ಲಿ ಚೈಲ್ಡ್’ ಎಂಬುದು, ಎರಡು ಸಲ ನಡೆಯಿತು. ಅದೇ ಕಥೆಯನ್ನು, ಅದೇ ನಟರಿಂದ, ಅದೇ ನಿರ್ದೇಶಕನ ಕೈಯಲ್ಲಿ, ಮೂರು ವಾರಗಳ ಅಂತರದಲ್ಲಿ ಎರಡು ಬಾರಿ ಮುದ್ರಿಸಿಕೊಂಡರು. ಮೊದಲನೆಯದನ್ನು ತಳ್ಳಿಹಾಕಿ ಎರಡನೆಯದನ್ನು ಪ್ರಸಾರ ಮಾಡಿದರು. ದೈವವಶಾತ್ ಎರಡೂ ಉಳಿದುಬಂದಿವೆ. ನನ್ನ ವಾದವೆಲ್ಲ ಈ ಎರಡು ಮುದ್ರಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದರಲ್ಲಿಯೇ ಇದೆ.

ಹಿನ್ನೆಲೆಯನ್ನು ಸ್ವಲ್ಪ ಹೇಳುವೆ. ಬಿ.ಬಿ.ಸಿ.ಯ ನಾಟಕ ವಿಭಾಗಕ್ಕೆ ಕೆನಡಾದಿಂದ ಬಂದ ಸಿಡ್ನಿ ನ್ಯೂಮನ್ನರು ಮುಖ್ಯಸ್ಥರಾಗಿದ್ದ ಕಾಲವದು. ಶನಿವಾರ ಸಂಜೆ ಕ್ರೀಡಾ ಕಾರ್ಯಕ್ರಮ ಮುಗಿದು ತರುಣರ ಸಂಗೀತ ಕಾರ್ಯಕ್ರಮ ಮೊದಲಾಗುವವರೆಗಿನ ತೆರಪನ್ನು, ಮನೆಯ ಮಕ್ಕಳೂ ಹಿರಿಯರೂ ಒಟ್ಟಿಗೆ ಕುಳಿತು ನೋಡುವಂಥ ಕಥೆಯೊಂದರಿಂದ ತುಂಬಬೇಕೆಂಬುದು ಅವರ ಸಂಕಲ್ಪ. ಕಥೆ ಕಾಲದಲ್ಲಿ ಹಿಂದಕ್ಕೆ ಹೋದಾಗ ಚರಿತ್ರೆಯನ್ನೂ, ಮುಂದಕ್ಕೆ ಹೋದಾಗ ವಿಜ್ಞಾನವನ್ನೂ ಮಕ್ಕಳು ಅರಿವಿಲ್ಲದೆಯೇ ಕಲಿಯಬೇಕು, ಅಗ್ಗದ ಕಥೆಗಳಲ್ಲಿ ಬರುವ ಗುಡ್ಡೆಗಣ್ಣಿನ ರಾಕ್ಷಸರು ಮಾತ್ರ ಸುತರಾಂ ಕೂಡದು ಎಂಬುದು ಅವರ ಕಟ್ಟಳೆ. ಈ ಕೆಲಸವನ್ನು ಅವರು ಒಪ್ಪಿಸಿದುದು ಇಪ್ಪತ್ತೇಳು ವರ್ಷದ ವೆರಿಟಿ ಲ್ಯಾಂಬರ್ಟ್ ಎಂಬಾಕೆಗೆ, ಆ ವಿಭಾಗದ ನಿರ್ಮಾಪಕರಲ್ಲಿ ಅಂದು ಇದ್ದ ಏಕೈಕ ಮಹಿಳೆಗೆ. ನಿರ್ದೇಶಕನಾಗಿ ಬಂದವನು ಅವಳಿಗಿಂತಲೂ ಚಿಕ್ಕವನು, ಇನ್ನೂ ಇಪ್ಪತ್ತೈದು ತುಂಬದ ವಾರಿಸ್ ಹುಸೇನ್. ಈತ ಹುಟ್ಟಿದುದು ಲಕ್ನೋ ನಗರದಲ್ಲಿ, 1938ರಲ್ಲಿ. ತಾಯಿ, ಅವಧ ಪ್ರಾಂತದ ಹಳೆಯ ಮನೆತನಗಳ ಬದುಕನ್ನು ಇಂಗ್ಲಿಷಿನಲ್ಲಿ ಕಾದಂಬರಿಯಾಗಿಸಿದ ಅತಿಯಾ ಹುಸೇನ್. ಬಾಲಕನಾಗಿಯೇ ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಜ್ಜಿನಲ್ಲಿ ಓದಿ ಬಂದ ಈ ತರುಣನೂ ಆ ತರುಣಿಯೂ ತಮಗಿಂತ ಹಿರಿಯರಾದ ತಂತ್ರಜ್ಞರ ನಡುವೆ ನಿಂತು, ಕಂತೊಂದಕ್ಕೆ ಸುಮಾರು 2,300 ಪೌಂಡುಗಳ ಮಿತಿಯೊಳಗೆ, ಕಾಲವನ್ನೇ ದಾಟುವ ಯಂತ್ರವೊಂದನ್ನು ತೋರಿಸಬೇಕಾಗಿದ್ದಿತು. ಆ ದೇಶಕ್ಕೆ ಹೊರಗಿನಿಂದ ಬಂದು ಒಳಗಿನವರಾದವರ ಕೈ ಈ ಕಂತಿನಲ್ಲಿ ಎದ್ದು ಕಾಣುವಷ್ಟಿದೆ: ನ್ಯೂಮನ್ ಕೆನಡಾದವರು, ಹುಸೇನ್ ಭಾರತದವರು, ಕಥೆ ಬರೆದ ಆಂಟನಿ ಕೋಬರ್ನ್ ಆಸ್ಟ್ರೇಲಿಯದವರು. ಪರಸ್ಥಳದಿಂದ ಬಂದು ಲಂಡನ್ನಿನ ಶಾಲೆಯೊಂದರಲ್ಲಿ ಯಾರೊಂದಿಗೂ ಸರಿಹೊಂದದೆ ಕುಳಿತಿರುವ ಹುಡುಗಿಯೊಬ್ಬಳ ಕಥೆ ಇಂಥವರ ಕೈಯಲ್ಲಿ ರೂಪುಗೊಂಡುದು ಕೇವಲ ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

ಇನ್ನು ಕಥೆ. ಅದರಲ್ಲಿ ಏನೂ ನಡೆಯುವುದಿಲ್ಲವೆಂದು ನೀವು ಹೇಳುವುದುಂಟಷ್ಟೆ. ಏನು ನಡೆಯುತ್ತದೆಂಬುದನ್ನು ನೋಡಿರಿ. ಮಂಜು ಕವಿದ ರಾತ್ರಿ, ಗಸ್ತು ತಿರುಗುವ ಪೋಲೀಸಿನವನೊಬ್ಬ ಟಾಟರ್ಸ್ ಲೇನ್ ಎಂಬ ಬೀದಿಯ 76ನೆಯ ನಂಬರಿನ ಗುಜರಿ ಅಂಗಳದ ಬಾಗಿಲನ್ನು ಪರೀಕ್ಷಿಸಿ ಮುಂದೆ ನಡೆಯುತ್ತಾನೆ. ಅವನು ಹೋದ ಮೇಲೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಕ್ಯಾಮೆರಾ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ನುಸುಳಿ, ಮುರುಕು ಸಾಮಾನುಗಳ ನಡುವೆ ನಿಂತಿರುವ ಪೋಲೀಸು ಪೆಟ್ಟಿಗೆಯೊಂದನ್ನು ಕಂಡುಹಿಡಿಯುತ್ತದೆ. ಆ ಪೆಟ್ಟಿಗೆ ಸಣ್ಣದಾಗಿ ಗುಂಯ್‌ಗುಡುತ್ತಿದೆ. ಅಷ್ಟೆ, ಅಲ್ಲಿಂದ ನೇರವಾಗಿ ನಾವು ಕೋಲ್ ಹಿಲ್ ಶಾಲೆಯ ನಡುಮೊಗಸಾಲೆಗೆ ಬಂದುಬಿಡುತ್ತೇವೆ, ಸಂಜೆಯ ಗಂಟೆ ಹೊಡೆದಿದೆ, ಮಕ್ಕಳು ಮನೆಗೆ ಹೊರಟಿದ್ದಾರೆ, ಚರಿತ್ರೆಯ ಅಧ್ಯಾಪಿಕೆ ಬಾರ್ಬರಾ ರೈಟ್ ವಿಜ್ಞಾನದ ಅಧ್ಯಾಪಕ ಇಯಾನ್ ಚೆಸ್ಟರ್ಟನ್ನನಲ್ಲಿಗೆ ಬಂದು, ಸೂಸನ್ ಎಂಬ ಹುಡುಗಿಯ ವಿಷಯವಾಗಿ ತನಗೆ ಸಮಾಧಾನವಿಲ್ಲವೆನ್ನುತ್ತಾಳೆ. ಮನೆಪಾಠ ಸರಿಯಾಗಿ ಮಾಡಿಕೊಂಡು ಬರುವುದಿಲ್ಲ. ಕೆಲವು ವಿಷಯಗಳಲ್ಲಿ ಉಪಾಧ್ಯಾಯರಿಗಿಂತ ಹೆಚ್ಚು ತಿಳಿದಿದ್ದಾಳೆ, ಕೆಲವು ವಿಷಯಗಳಲ್ಲಿ ಹಾದಿಹೋಕರಿಗೆ ತಿಳಿದಿರುವುದೂ ತಿಳಿಯದು. ಅವಳ ವಿಳಾಸ ಹಿಡಿದು ಹೋದರೆ ಅಲ್ಲಿ ಮನೆಯೇ ಇಲ್ಲ, ಇರುವುದು ಗುಜರಿ. ಇಪ್ಪತ್ತೈದು ನಿಮಿಷದ ಕಂತಿನಲ್ಲಿ ಅರ್ಧದಷ್ಟು ಕಾಲ ನಡೆಯುವುದು ಇಬ್ಬರು ಮೇಷ್ಟರು ಒಂದು ಮಗುವಿನ ಯೋಗಕ್ಷೇಮವನ್ನು ಕುರಿತು ಕಳವಳಪಡುವುದು ಮಾತ್ರ. ನಾನು ಕಂಡಮಟ್ಟಿಗೆ ವಿಜ್ಞಾನಕಥೆಯ ಬಾಗಿಲನ್ನು ಇಷ್ಟು ಮನೆವಾರ್ತೆಯ ಕೈಯಿಂದ ತೆರೆದ ಧಾರಾವಾಹಿ ಮತ್ತೊಂದಿಲ್ಲ.

ಆ ಹುಡುಗಿಯ ವಿಚಿತ್ರವನ್ನು ತೋರಿಸುವ ರೀತಿಯನ್ನಾದರೂ ನೋಡಿರಿ. ಅವಳಿಗೆ ಮೂರನೆಯ ಕಣ್ಣಿಲ್ಲ, ಹಸುರು ಮೈಬಣ್ಣವಿಲ್ಲ. ತರಗತಿಯಲ್ಲಿ ಪೌಂಡಿಗೆ ಎಷ್ಟು ಷಿಲಿಂಗೆಂದು ಕೇಳಿದರೆ, ನಾಣ್ಯಪದ್ಧತಿ ದಶಮಾಂಶದಲ್ಲಿದೆಯೆಂದು ತಾನು ಎಣಿಸಿದ್ದುದಾಗಿ ತಡವರಿಸುತ್ತಾಳೆ, ಅದು ಇನ್ನೂ ಬಂದಿಲ್ಲವೆಂಬುದು ಅನಂತರ ನೆನಪಾಗುತ್ತದೆ. ಇತರ ಮಕ್ಕಳು ನಗುತ್ತಾರೆ. ಈ ಸಣ್ಣ ಸನ್ನಿವೇಶ ನಮ್ಮವರಿಗೆ ಒಂದು ವಿಶೇಷ ವಿನೋದವನ್ನು ಒದಗಿಸಬೇಕು. ಹನ್ನೆರಡು ಪೆನ್ನಿಗೆ ಷಿಲಿಂಗು, ಇಪ್ಪತ್ತು ಷಿಲಿಂಗಿಗೆ ಪೌಂಡು ಎಂಬ ಲೆಕ್ಕವನ್ನು ಬ್ರಿಟನ್ ಕೈಬಿಟ್ಟುದು 1971ರ ಫೆಬ್ರುವರಿ 15ರಂದು. ನಾವಾದರೋ ಹದಿನಾರಾಣೆಯ ರೂಪಾಯಿಯನ್ನು ಕಳುಹಿಸಿಕೊಟ್ಟು 1957ರ ಏಪ್ರಿಲ್ 1ರಂದೇ ನೂರು ನಯಾಪೈಸೆಯ ರೂಪಾಯಿಯನ್ನು ಬರಮಾಡಿಕೊಂಡಿದ್ದೆವು. ಲಂಡನ್ನಿನ ಸ್ಟುಡಿಯೋದಲ್ಲಿ ಭವಿಷ್ಯತ್ತಿನ ಗುರುತೆಂದು ಬಗೆಯಲಾದ ವಸ್ತು ಆ ವೇಳೆಗೆ ಬೆಂಗಳೂರಿನ ತರಕಾರಿ ಮಾರುಕಟ್ಟೆಯಲ್ಲಿ ಆರು ವರ್ಷಗಳಿಂದ ಚಲಾವಣೆಯಲ್ಲಿದ್ದಿತು! ಸೂಸನ್ ನಮ್ಮ ಶಾಲೆಯೊಂದರಲ್ಲಿ ಕುಳಿತಿದ್ದರೆ ಆ ಪ್ರಶ್ನೆಯಿಂದ ಅವಳ ಗುಟ್ಟು ಹೊರಬೀಳುತ್ತಿರಲಿಲ್ಲ.

ಪೋಲೀಸು ಪೆಟ್ಟಿಗೆಯ ವಿಷಯವನ್ನೂ ಹೇಳಬೇಕು, ಏಕೆಂದರೆ ಅದನ್ನು ಈಗ ನೋಡುವವರು ತಿರುಗುಮುರುಗಾಗಿ ನೋಡುತ್ತಾರೆ. ನೆತ್ತಿಯ ಮೇಲೆ ದೀಪವಿರುವ, ಒಳಗೆ ಪೋಲೀಸರ ಉಪಯೋಗಕ್ಕೂ ಹೊರಮೈಯಲ್ಲಿ ಸಾರ್ವಜನಿಕರ ಉಪಯೋಗಕ್ಕೂ ಟೆಲಿಫೋನಿನ ಅನುಕೂಲವಿದ್ದ ಈ ಗೂಡುಗಳು 1963ರ ಲಂಡನ್ನಿನಲ್ಲಿ ಬೀದಿಬೀದಿಯ ತಿರುವಿನಲ್ಲಿಯೂ ಇದ್ದು, ಯಾರ ಕಣ್ಣಿಗೂ ಬೀಳದಷ್ಟು ಪರಿಚಿತವಾಗಿದ್ದುವು. ಅಂಥ ಗೂಡಿನ ಬಾಗಿಲನ್ನು ದೂಡಿಕೊಂಡು ಇಯಾನನೂ ಬಾರ್ಬರಾಳೂ ಒಳಗೆ ಬಿದ್ದಾಗ, ಅಲ್ಲಿ ಬೆಳಕು ತುಂಬಿದ ವಿಶಾಲವಾದ ಕೊಠಡಿ, ಗೋಡೆಯ ತುಂಬ ವೃತ್ತಾಕಾರದ ಗುಳಿಗಳು, ನಡುವೆ ಆರು ಮಗ್ಗುಲಿನ ಯಂತ್ರಪೀಠ! ಅದನ್ನು ಕಂಡ ಲಂಡನ್ನಿನ ಮಗುವಿಗೆ ಆದ ರೋಮಾಂಚವೆಂಥದೆಂದರೆ, ಸೋಮವಾರ ಶಾಲೆಗೆ ಹೋಗುವಾಗ ತನ್ನ ಬೀದಿಯ ಪೆಟ್ಟಿಗೆಯನ್ನು ಸುಮ್ಮನೆ ದಾಟಿಹೋಗಲು ಅದಕ್ಕೆ ಸಾಧ್ಯವಿರಲಿಲ್ಲ. ಇಂದು ಆ ಪೆಟ್ಟಿಗೆಯನ್ನು ಧಾರಾವಾಹಿಯ ಲಾಂಛನವೆಂದೇ ಲೋಕ ಬಲ್ಲುದು. 2005ರಿಂದ ತೊಡಗಿದವರಿಗೆ ಅದು ಮೊದಲಿನಿಂದಲೂ ಅದ್ಭುತ, ಆದ್ದರಿಂದ ಅದರ ಅದ್ಭುತ ಅರ್ಧ. ಸಾಮಾನ್ಯವಾಗಿದ್ದುದು ಅಸಾಮಾನ್ಯವಾಗುವ ಆ ಗಳಿಗೆಯನ್ನು ಮೊದಲ ಕಂತಿನಲ್ಲಿ ಮಾತ್ರ ನೋಡಬಹುದಾಗಿದೆ.

ಈಗ ತಿರಸ್ಕೃತವಾದ ಮುದ್ರಿಕೆಗೆ ಬರುತ್ತೇನೆ. 1963ರ ಸೆಪ್ಟೆಂಬರ್ 27, ಶುಕ್ರವಾರ, ಲೈಮ್ ಗ್ರೋವ್ ಎಂಬಲ್ಲಿಯ ‘ಡಿ’ ಸ್ಟುಡಿಯೋದಲ್ಲಿ ಅದು ನಡೆಯಿತು. ಸ್ಥಳ ಇಕ್ಕಟ್ಟು, ದೀಪಗಳ ಕಾವು ಅಸಹ್ಯ, ಕ್ಯಾಮೆರಾಗಳು ಹೊರಳಿಸಲಾಗದಷ್ಟು ಭಾರ. ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿಯ ವ್ಯವಹಾರವಾದುದರಿಂದ ರಂಗದ ಮೇಲಿನ ನಾಟಕದಂತೆ ಬಹುಮಟ್ಟಿಗೆ ಒಂದೇ ಓಟದಲ್ಲಿ ಎಲ್ಲವನ್ನೂ ಮುಗಿಸಬೇಕು. ಯಂತ್ರಗೃಹದ ಬಾಗಿಲುಗಳು ಮುಚ್ಚಿಕೊಳ್ಳಲೊಲ್ಲದೆ, ಸಂಭಾಷಣೆಯ ನಡುವೆಯೇ ಬಡಿದುಕೊಳ್ಳತೊಡಗಿದುವು. ಇಂಥ ಪ್ರಮಾದಗಳನ್ನಾದರೂ ಕ್ಷಮಿಸಬಹುದಾಗಿತ್ತು; ನ್ಯೂಮನ್ನರಿಗೆ ಒಗ್ಗದೆ ಹೋದುದು ಬೇರೊಂದು. ಪೆಟ್ಟಿಗೆಯ ವೇಷದ ಆ ಕಾಲಯಂತ್ರದ ಒಡೆಯನಾದ ಡಾಕ್ಟರನ ಪಾತ್ರ ವಹಿಸಿದ ವಿಲಿಯಂ ಹಾರ್ಟ್ನೆಲ್ಲರು ಈ ಮುದ್ರಿಕೆಯಲ್ಲಿ ಕ್ರೂರಿ. ಒಳಬಂದ ಮೇಷ್ಟರಿಬ್ಬರನ್ನೂ ಹಗೆಗಳೆಂಬಂತೆ ನೋಡುತ್ತಾರೆ, ಅವರ ನಗೆಯಲ್ಲಿ ನಂಜಿದೆ. ಮುದ್ರಿಕೆಯನ್ನು ನೋಡಿದ ಮೇಲೆ ನ್ಯೂಮನ್ನರು ನಿರ್ಮಾಪಕಿಯನ್ನೂ ನಿರ್ದೇಶಕನನ್ನೂ ಊಟಕ್ಕೆ ಕರೆದುಕೊಂಡು ಹೋಗಿ, ಇಬ್ಬರನ್ನೂ ಕೆಲಸದಿಂದ ತೆಗೆಯಬೇಕಾಗಿತ್ತೆಂದು ಹೇಳಿ, ಹಾಗೆ ಮಾಡದೆ, ಮತ್ತೊಮ್ಮೆ ಮಾಡಿಕೊಂಡು ಬನ್ನಿರೆಂದು ಕಳುಹಿಸಿದರೆಂಬುದನ್ನು ಹುಸೇನರೇ ಮುಂದೆ ನೆನೆದುಕೊಂಡಿದ್ದಾರೆ. ಮೇಲಧಿಕಾರಿಗಳಲ್ಲಿ ಒಪ್ಪುವವರೂ ಉಂಟು, ತಳ್ಳುವವರೂ ಉಂಟು. ತಪ್ಪನ್ನು ಬೆರಳಿಟ್ಟು ತೋರಿಸಿ, ಅದೇ ಕೈಗಳಿಗೆ ಅದೇ ಕೆಲಸವನ್ನು ಮರಳಿ ಒಪ್ಪಿಸುವವರು ಅಪರೂಪ.

ಅಕ್ಟೋಬರ್ 18ರಂದು ಎರಡನೆಯ ಮುದ್ರಿಕೆಯಾಯಿತು. ಏನೇನು ಬದಲಾಯಿತೆಂಬುದನ್ನು ಹುಡುಕುವುದೇ ಒಂದು ಸೊಗಸು. ಮೊದಲನೆಯದರಲ್ಲಿ ಡಾಕ್ಟರನು ಆ ಕಾಲದ ಯಾವ ಗುಮಾಸ್ತನಾದರೂ ತೊಡಬಹುದಾಗಿದ್ದ ಕೋಟು ಟೈಗಳಲ್ಲಿದ್ದಾನೆ. ಎರಡನೆಯದರಲ್ಲಿ ಅರ್ಧ ಶತಮಾನ ಹಿಂದಿನ ನೀಳವಾದ ಕೋಟು ಬಂದು, ಅವನು ಯಾವ ಕಾಲದವನೆಂಬುದೇ ಪ್ರಶ್ನೆಯಾಗುತ್ತದೆ. ಕ್ಯಾರೊಲ್ ಆನ್ ಫೋರ್ಡ್ ಅಭಿನಯಿಸಿದ ಸೂಸನ್ ಮೊದಲು ಕಾಗದದ ಮೇಲೆ ಮಸಿ ಚೆಲ್ಲಿ ವಿಚಿತ್ರಾಕೃತಿಗಳನ್ನು ಬರೆಯುತ್ತ ಕೂರುತ್ತಾಳೆ. ಬಳಿಕ ಅದನ್ನು ಬಿಟ್ಟು, ಬಾರ್ಬರಾ ಕೊಟ್ಟ ಫ್ರೆಂಚ್ ಮಹಾಕ್ರಾಂತಿಯ ಪುಸ್ತಕದ ಪುಟಗಳನ್ನು ತಿರುವಿಹಾಕಿ, ಇದು ಹೀಗಲ್ಲವಲ್ಲ ಎಂದು ಬೆರಗಾಗುತ್ತಾಳೆ. ಮಸಿಯ ಚಿತ್ರ ಅವಳನ್ನು ವಿಚಿತ್ರಳೆಂದು ಸಾರುತ್ತದೆ, ಅಷ್ಟೆ. ಪುಸ್ತಕವಾದರೋ ಅವಳು ಆ ಕಾಲದಲ್ಲಿ ಇದ್ದು ಬಂದವಳಿರಬಹುದೆಂಬ ಸಂದೇಹವನ್ನು ನಮ್ಮೊಳಗೆ ಬಿತ್ತಿ ಸುಮ್ಮನಾಗುತ್ತದೆ. ಡಾಕ್ಟರನ ಮುಂಗೋಪ ಉಳಿಯಿತು, ನಂಜು ಹೋಯಿತು. ಗುಜರಿಯಲ್ಲಿ ಮೇಷ್ಟರು ಕೂಗಾಡುತ್ತಿರುವಾಗ ಅವರ ಮಾತಿಗೆ ಕಿವಿಗೊಡದೆ ಹಳೆಯ ಚಿತ್ರದ ಕಟ್ಟೊಂದನ್ನು ತಿರುಗಿಸಿ ತಿರುಗಿಸಿ ನೋಡುವ ಮುದುಕನನ್ನು ನಾವು ಶಂಕಿಸುತ್ತೇವೆ, ಬೈಯುತ್ತೇವೆ, ಆದರೆ ಬಿಟ್ಟು ಏಳಲಾರೆವು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಒಂದು ಮಾತಿನದು. ತಾನು ನಲವತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದವಳೆಂದು ಸೂಸನ್ ಮೊದಲ ಮುದ್ರಿಕೆಯಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತಾಳೆ. ಎರಡನೆಯದರಲ್ಲಿ ಅವಳು ಬೇರೊಂದು ಕಾಲದ, ಬೇರೊಂದು ಲೋಕದ ಹುಡುಗಿ. ಯಾವ ಕಾಲ, ಯಾವ ಲೋಕ ಎಂಬುದಿಲ್ಲ. ಸಂಖ್ಯೆ ಬಂದೊಡನೆಯೇ ನಾವು ಕೂಡಿ ಕಳೆದು, ಓಹೋ, ನಮ್ಮ ಮರಿಮಕ್ಕಳ ಪೀಳಿಗೆಯವಳು ಎಂದು ನಿಶ್ಚಿಂತರಾಗುತ್ತೇವೆ. ಸಂಖ್ಯೆ ಹೋದ ಮೇಲೆ ಲೆಕ್ಕಕ್ಕೆ ಸಿಕ್ಕುವುದಾವುದೂ ಉಳಿಯದು. ಈ ಒಂದು ವಾಕ್ಯದ ತಿದ್ದುಪಾಟಿನಿಂದ ಮುಂದೆ ಆದ ಉಪಕಾರವೆಷ್ಟೆಂಬುದನ್ನು ಅಂದು ಯಾರೂ ಊಹಿಸಿರಲಾರರು. 1966ರಲ್ಲಿ ಹಾರ್ಟ್ನೆಲ್ಲರು ಆ ಪಾತ್ರವನ್ನು ಬಿಟ್ಟಾಗ, ಅದೇ ಡಾಕ್ಟರನು ಮೈಯನ್ನೇ ಬದಲಾಯಿಸಿಕೊಂಡು ಪ್ಯಾಟ್ರಿಕ್ ಟ್ರೌಟನ್ ಎಂಬ ಮತ್ತೊಬ್ಬ ನಟನಾಗಿ ಎದ್ದುಕುಳಿತುದನ್ನು ಪ್ರೇಕ್ಷಕರು ಒಪ್ಪಿಕೊಂಡರು. ಅವನು ಇಂಥ ಶತಮಾನದ ಮನುಷ್ಯನೆಂದು ಮೊದಲ ಕಂತಿನಲ್ಲಿಯೇ ಷರಾ ಬರೆದಿಟ್ಟಿದ್ದರೆ ಆ ಕಾಯಕಲ್ಪ ಅಷ್ಟು ಸುಲಭವಾಗಿ ಸಲ್ಲುತ್ತಿತ್ತೆಂದು ನಾನು ನಂಬಲಾರೆ. ನಿಮಗೆ ಪ್ರಿಯರಾದ ಈಚಿನ ಡಾಕ್ಟರರೆಲ್ಲರೂ, ಮಿತ್ರರೆ, ಅಕ್ಟೋಬರಿನ ಆ ಶುಕ್ರವಾರ ಬಿಟ್ಟುಹೋದ ಒಂದು ಅಂಕಿಯ ಜಾಗದಿಂದ ಒಳಗೆ ಬಂದವರು.

ಕಿವಿಗೆ ಬೀಳುವುದನ್ನು ಕುರಿತೂ ನಾಲ್ಕು ಮಾತು ಸಲ್ಲಬೇಕು. ರಾನ್ ಗ್ರೇನರ್ ಬರೆದುಕೊಟ್ಟ ಸ್ವರಗಳನ್ನು ಬಿ.ಬಿ.ಸಿ.ಯ ರೇಡಿಯೋಫೋನಿಕ್ ಕಾರ್ಯಾಗಾರದಲ್ಲಿ ಡೀಲಿಯಾ ಡರ್ಬಿಶೈರ್ ಎಂಬಾಕೆ, ವಾದ್ಯಗೋಷ್ಠಿಯ ಹಂಗಿಲ್ಲದೆ, ಒಂದೊಂದು ಧ್ವನಿಯನ್ನೂ ಪ್ರತ್ಯೇಕವಾಗಿ ಟೇಪಿನಲ್ಲಿ ಹಿಡಿದು, ವೇಗವನ್ನು ಏರಿಸಿ ಇಳಿಸಿ, ತುಂಡುತುಂಡಾಗಿ ಕತ್ತರಿಸಿ ಅಂಟಿಸಿ ಶೀರ್ಷಿಕಾ ಸಂಗೀತವನ್ನು ಕಟ್ಟಿದರು. ಇದು ತಾನು ಬರೆದುದೇ ಹೌದೇ ಎಂದು ಗ್ರೇನರರು ಬೆರಗಾದರಂತೆ. ಅವಳ ಹೆಸರೂ ತನ್ನ ಹೆಸರಿನೊಡನೆ ಬರಲೆಂದು ಅವರು ಬಯಸಿದರೂ ಅಂದಿನ ನಿಯಮ ಅದಕ್ಕೆ ಎಡೆಗೊಡಲಿಲ್ಲ. ಯಂತ್ರ ಹೊರಡುವಾಗಿನ ನರಳಾಟವಾದರೋ, ಬ್ರಯನ್ ಹಾಜ್‌ಸನ್ನರು ಹಳೆಯ ಪಿಯಾನೋ ಒಂದರ ತಂತಿಗಳ ಮೇಲೆ ಬೀಗದ ಕೈಯನ್ನೆಳೆದು ಹುಟ್ಟಿಸಿದುದು. ತಿರಸ್ಕೃತ ಮುದ್ರಿಕೆಯಲ್ಲಿ ಈ ಸಂಗೀತಕ್ಕೆ ಮುನ್ನ ಒಂದು ಗುಡುಗು ಇದ್ದಿತು, ಭಯಪಡಿರೆಂದು ಕೈಹಿಡಿದು ಹೇಳುವಂತೆ. ಎರಡನೆಯದರಲ್ಲಿ ಗುಡುಗನ್ನು ತೆಗೆದರು. ತೆಗೆದುದೇ ಲೇಸಾಯಿತು.

ಪ್ರಸಾರದ ದಿನದ ದುರ್ದೈವ ನಿಮಗೆ ತಿಳಿದೇ ಇದೆ. ನವೆಂಬರ್ 22ರಂದು ಡಲ್ಲಾಸಿನಲ್ಲಿ ಅಧ್ಯಕ್ಷ ಕೆನೆಡಿಯವರ ಹತ್ಯೆಯಾಯಿತು. ಮರುದಿನ ಶನಿವಾರ ಸಂಜೆ ಐದೂಕಾಲಕ್ಕೆ, ಒಂದು ನಿಮಿಷಕ್ಕೂ ತುಸು ಮಿಕ್ಕು ತಡವಾಗಿ, ಈ ಕಂತು ಹೊರಬಿತ್ತು. ಶೋಕದ ಆ ಸಂಜೆ, ಅಲ್ಲಲ್ಲಿ ವಿದ್ಯುತ್ತು ಬೇರೆ ಹೋಗಿ, ನೋಡಿದವರು ಸುಮಾರು 44 ಲಕ್ಷ. ಮುಂದಿನ ಶನಿವಾರ ಎರಡನೆಯ ಕಂತಿಗೆ ಮುಂಚೆ ಮೊದಲನೆಯದನ್ನೇ ಪುನಃ ತೋರಿಸಿದಾಗ ಸುಮಾರು 60 ಲಕ್ಷ. ಮೊದಲ ಕಂತು ತಪ್ಪಿಹೋದರೆ ತಪ್ಪಿಹೋಯಿತೆಂದು ಬಿ.ಬಿ.ಸಿ.ಯವರು ಸುಮ್ಮನಿರಲಿಲ್ಲವೆಂಬುದನ್ನು ಗಮನಿಸಿರಿ.

ನಿಮ್ಮ ಪಕ್ಷದ ಬಲವನ್ನೂ ನಾನು ಮರೆಮಾಚಲಾರೆ. ಇದರ ಬೆನ್ನಿಗೆ ಬರುವ ಮೂರು ಕಂತುಗಳಲ್ಲಿ ಶಿಲಾಯುಗದ ಗುಹಾವಾಸಿಗಳು ಬೆಂಕಿ ಹೊತ್ತಿಸಲಾರದೆ ಒಬ್ಬರಿನ್ನೊಬ್ಬರ ಮೇಲೆ ಗುರುಗುಟ್ಟುತ್ತಿರುವುದನ್ನು ನೋಡುವುದಕ್ಕೆ ವಿಶೇಷವಾದ ತಾಳ್ಮೆ ಬೇಕು. ನನಗೂ ಅದು ಪ್ರತಿಸಲ ಒದಗಿದುದಿಲ್ಲ. ಡಿಸೆಂಬರ್ 21ರಂದು ಮೊದಲಾದ ಎರಡನೆಯ ಕಥೆಯಲ್ಲಿ ಡಾಲೆಕ್ಕುಗಳೆಂಬ ಲೋಹದ ಕವಚದ ಜೀವಿಗಳು, ಎಂದರೆ ನ್ಯೂಮನ್ನರು ಬೇಡವೆಂದಿದ್ದ ರಾಕ್ಷಸರೇ, ಬಂದು ಧಾರಾವಾಹಿಯ ಕೀರ್ತಿಯನ್ನು ದೇಶಾದ್ಯಂತ ಹಬ್ಬಿಸಿದರೆಂಬುದೂ ದಿಟ. ಆದುದರಿಂದ ಅಲ್ಲಿಂದಲೇ ತೊಡಗೋಣವೆಂಬುದು ನಿಮ್ಮ ತರ್ಕ. ಆದರೆ ಆ ಡಾಲೆಕ್ಕುಗಳ ಮುಂದೆ ಅಂಜಿ ನಿಂತವರಾರು? ಸಂಜೆ ಶಾಲೆ ಮುಗಿಸಿಕೊಂಡು, ಮೇಜಿನ ಮೇಲೆ ತಿದ್ದದ ಪುಸ್ತಕಗಳನ್ನು ಬಿಟ್ಟು, ಒಂದು ಹುಡುಗಿಯ ಮನೆಯನ್ನು ಹುಡುಕಿ ಬಂದ ವಿಲಿಯಂ ರಸೆಲ್ಲರ ಇಯಾನ್, ಜಾಕ್ವೆಲೀನ್ ಹಿಲ್ಲರ ಬಾರ್ಬರಾ. ಅವರ ಮೊಗಸಾಲೆಯನ್ನು ಕಂಡವರಿಗಷ್ಟೇ ಅವರು ಎಷ್ಟು ದೂರ ಬಂದುಬಿಟ್ಟರೆಂಬುದು ತಿಳಿದೀತು; ಉಳಿದವರಿಗೆ ಡಾಲೆಕ್ಕು ಬರಿಯ ತಗಡು.

ಅಮೆರಿಕದ ‘ಸ್ಟಾರ್ ಟ್ರೆಕ್’ ಕೂಡ ಎರಡು ಪೈಲಟ್ಟುಗಳನ್ನು ಕಂಡಿತು, ಆದರೆ ಅಲ್ಲಿಯ ರೀತಿ ಬೇರೆ. ‘ದಿ ಕೇಜ್’ ಎಂಬ ಮೊದಲನೆಯದು ಅತಿ ಬುದ್ಧಿಪ್ರಧಾನವಾಯಿತೆಂದು ಎನ್.ಬಿ.ಸಿ. ಸಂಸ್ಥೆ ಒಲ್ಲೆನೆಂದಾಗ, 1965ರಲ್ಲಿ ಬೇರೆ ಕಥೆ, ಬೇರೆ ಕಪ್ತಾನ, ಬೇರೆ ಪರಿವಾರವನ್ನಿಟ್ಟುಕೊಂಡು ಎರಡನೆಯದನ್ನು ಮಾಡಿದರು. ಪಾತ್ರಗಳಲ್ಲಿ ಹಡಗಿನೊಡನೆ ಉಳಿದು ಬಂದವನು ಸ್ಪಾಕ್ ಒಬ್ಬನೇ. ಅದು ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿದುದು. ಲಂಡನ್ನಿನವರು ಮಾಡಿದುದು ತಿದ್ದುಪಾಟು. ನಮ್ಮಂಥವರು ನೋಡಿ ಕಲಿಯುವುದಕ್ಕೆ ಇದರಲ್ಲಿಯೇ ಹೆಚ್ಚು ಸಾಮಗ್ರಿ.

ಈ ಮುದ್ರಿಕೆಗಳ ಉಳಿವಿನ ವಿಷಯದಲ್ಲಿ ವಿಧಿಯ ವಿಡಂಬನೆಯೂ ಸೇರಿಕೊಂಡಿದೆ. ಟೇಪಿನ ಬೆಲೆ ದೊಡ್ಡದೆಂದೂ, ಪುನಃ ತೋರಿಸುವ ಸಂದರ್ಭ ಬಾರದೆಂದೂ ಬಗೆದು ಬಿ.ಬಿ.ಸಿ.ಯವರು ಹಳೆಯ ಮುದ್ರಿಕೆಗಳನ್ನು ಅಳಿಸಿಹಾಕಿದುದರಿಂದ, 1960ರ ದಶಕದ ‘ಡಾಕ್ಟರ್ ಹೂ’ ಕಂತುಗಳಲ್ಲಿ ತೊಂಬತ್ತಕ್ಕೂ ಮಿಕ್ಕವು ಇಂದು ಸಿಗುವುದಿಲ್ಲ. 1964ರಲ್ಲಿ ಬಹುಮಟ್ಟಿಗೆ ಹುಸೇನರೇ ತೆಗೆದ ‘ಮಾರ್ಕೊ ಪೋಲೊ’ ಎಂಬ ಏಳು ಕಂತಿನ ಕಥೆಯೂ ಹೀಗೆಯೇ ನಷ್ಟವಾಗಿದೆ, ಉಳಿದಿರುವುದು ಧ್ವನಿ ಮತ್ತು ಛಾಯಾಚಿತ್ರಗಳು ಮಾತ್ರ. ಆದರೆ ಯಾರಿಗೂ ಬೇಡವಾಗಿದ್ದ ಸೆಪ್ಟೆಂಬರಿನ ಮುದ್ರಿಕೆ ಬದುಕಿಕೊಂಡು, ಇಪ್ಪತ್ತೆಂಟು ವರ್ಷಗಳ ಅನಂತರ, 1991ರ ಆಗಸ್ಟ್ 26ರಂದು ಮೊದಲ ಬಾರಿಗೆ ಪ್ರಸಾರವಾಯಿತು.

ಆದುದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಅತ್ಯಲ್ಪವಾದುದು. ಇನ್ನು ಮುಂದೆ ಯಾರಾದರೂ ಎಲ್ಲಿಂದ ತೊಡಗಲೆಂದು ನಿಮ್ಮನ್ನು ಕೇಳಿದರೆ, ಪ್ರಸಾರವಾದ ಮೊದಲ ಕಂತನ್ನು ದೀಪ ಆರಿಸಿ ಪೂರ್ತಿಯಾಗಿ ತೋರಿಸಿರಿ. ಅವರಿಗೆ ರುಚಿಸಿದಂತೆ ಕಂಡರೆ, ಅದೇ ಕೂಟದಲ್ಲಿಯೇ ತಿರಸ್ಕೃತವಾದುದನ್ನು ಆಮೇಲೆ ತೋರಿಸಿರಿ, ಮೊದಲು ಬೇಡ, ಏಕೆಂದರೆ ಗುಟ್ಟೆಲ್ಲ ಅಲ್ಲಿ ಹೊರಬಿದ್ದಿದೆ. ಎರಡೂ ಸೇರಿ ಐವತ್ತು ನಿಮಿಷ ಆದಾವು. ಗುಹಾವಾಸಿಗಳನ್ನು ಬೇಕಾದರೆ ದಾಟಿಸಿಬಿಡಿರಿ, ನಾನು ಕಾಣದವನಂತಿರುತ್ತೇನೆ; ಅಲ್ಲಿಂದ ಡಾಲೆಕ್ಕುಗಳಿಗೆ ಹೋಗಲಿ, ಇಲ್ಲವೇ ನೇರವಾಗಿ 2005ಕ್ಕೇ ಹಾರಲಿ, ಅದು ಅವರ ಚಿತ್ತ.

ಇತಿ ನಿಮ್ಮ ವಿಶ್ವಾಸಿ,
ಹಳೆಯ ಕಂತುಗಳ ಪಕ್ಷಪಾತಿ